ನಿಂತ ಗಾಡಿಗೂ ಕೆಲಸ ಕೊಡುವ ತಂತ್ರಾಂಶ: ಜೆಎಂಆರ್‌ಐ ಆಪರೇಷನ್ಸ್‌ಪ್ರೊ

ಮಾದರಿ ರೈಲು ಕಟ್ಟುವವರಲ್ಲಿ ಒಂದು ಮಾತು ಓಡಾಡುತ್ತಿದೆ: ಗೂಡ್ಸ್ ಗಾಡಿಯಲ್ಲಿ ಕೆಲಸವಿದೆ, ಪ್ಯಾಸೆಂಜರ್ ಗಾಡಿಯಲ್ಲಿ ಬರೀ ನೋಟವಿದೆ. ಹುಬ್ಬಳ್ಳಿ ಜಂಕ್ಷನ್‌ನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ನಿಂತಾಗ ಏನೇನು ನಡೆಯುತ್ತಿತ್ತು ಎಂದು ಕಂಡವರು ಇದನ್ನು ಒಪ್ಪಲಾರರು. ಬೆಂಗಳೂರು ಕಡೆಯಿಂದ ಬಂದ ಗಾಡಿ ಗದಗ, ವಿಜಯಪುರದ ಮೂಲಕ ಸೊಲ್ಲಾಪುರದ ಕಡೆಗೆ ಹೋಗಬೇಕಿತ್ತು. ಎರಡೂ ಮಾರ್ಗಗಳು ನಿಲ್ದಾಣದ ಒಂದೇ ತುದಿಗೆ ಬಂದು ಸೇರುವುದರಿಂದ ಇಲ್ಲಿ ಗಾಡಿಯ ಹಿಂದು ಮುಂದಾಗುತ್ತಿತ್ತು. ಎಂಜಿನ್ ಕಳಚಬೇಕಿತ್ತು, ಇನ್ನೊಂದು ತುದಿಗೆ ಎಂಜಿನ್ ಬರಬೇಕಿತ್ತು, ಗಾರ್ಡ್ ತಮ್ಮ ಪೆಟ್ಟಿಗೆ ಸಮೇತ ಆ ತುದಿಯಿಂದ ಈ ತುದಿಗೆ ನಡೆಯಬೇಕಿತ್ತು, ಕೊನೆಯ ಬೋಗಿ ಇದೇ ಎಂದು ತೋರಿಸುವ 'ಎಲ್‌ವಿ' ಫಲಕ ಜಾಗ ಬದಲಿಸಬೇಕಿತ್ತು, ಬ್ರೇಕ್ ಪರೀಕ್ಷೆ ಮತ್ತೆ ಆಗಬೇಕಿತ್ತು. ನಾನು ಮನೆಯ ಮಹಡಿಯ ಕೋಣೆಯಲ್ಲಿ ಎಚ್‌ಒ ಅಳತೆಯಲ್ಲಿ (ನಿಜದ 87ನೇ ಒಂದು ಭಾಗ) ಕಟ್ಟುತ್ತಿರುವ ಮಾದರಿ ರೈಲಿನ ಲೇಔಟ್‌ನ ಜೀವಾಳ ಇದೇ. ಈ ಕೆಲಸವನ್ನು ಕಾಗದದ ಮೇಲೆ ಕ್ರಮವಾಗಿ ಹೊಂದಿಸಿಕೊಡುವ ತಂತ್ರಾಂಶ ಹುಡುಕುತ್ತಿದ್ದಾಗ ಸಿಕ್ಕಿದ್ದು ಜೆಎಂಆರ್‌ಐ.

ಇದು ಮಾದರಿ ರೈಲುಗಳಿಗೆಂದೇ ಬರೆದ ಉಚಿತ, ಮುಕ್ತ ತಂತ್ರಾಂಶ. ಬರ್ಕ್ಲಿಯ ಭೌತವಿಜ್ಞಾನಿ ಬಾಬ್ ಜೇಕಬ್‌ಸನ್ ಆರಂಭಿಸಿದ್ದು. ಈಗ ಅನೇಕ ಹವ್ಯಾಸಿಗಳು ಸೇರಿ ಬೆಳೆಸುತ್ತಿದ್ದಾರೆ. ಮುಕ್ತ ಪರವಾನಗಿಯ ಷರತ್ತುಗಳನ್ನು ಮೀರಿದರೆ ಕೃತಿಸ್ವಾಮ್ಯದ ಕಾನೂನು ಅನ್ವಯಿಸಬಹುದೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ಹೇಳಿದ್ದು ಇದೇ ತಂತ್ರಾಂಶದ ಮೊಕದ್ದಮೆಯಲ್ಲಿ. ಆಟಿಕೆ ರೈಲಿನವರು ಹೋರಾಡಿ ಗೆದ್ದುಕೊಟ್ಟ ಆ ತತ್ತ್ವ ಇಂದು ಇಡೀ ತಂತ್ರಾಂಶ ಲೋಕಕ್ಕೆ ನೆರಳಾಗಿದೆ. ನನಗೆ ಇದರ ಮೇಲೆ ಗೌರವ ಹುಟ್ಟಲು ಅದೂ ಒಂದು ಕಾರಣ.

ಜೆಎಂಆರ್‌ಐಯಲ್ಲಿ ಹಲವು ಭಾಗಗಳಿವೆ. ನಾನು ಹೇಳಹೊರಟಿರುವುದು ಯಾವ ಗಾಡಿಗೆ ಎಲ್ಲಿ ಏನು ಕೆಲಸ ಎಂದು ಹಾಳೆ ಬರೆದುಕೊಡುವ ಆಪರೇಷನ್ಸ್‌ಪ್ರೊ ಎಂಬ ಭಾಗದ ಬಗ್ಗೆ. ಮೊದಲು ಸ್ಥಳಗಳನ್ನು, ಅಲ್ಲಿನ ಹಳಿಗಳನ್ನು, ಹಳಿಗಳ ಉದ್ದವನ್ನು ಬರೆದುಕೊಳ್ಳಬೇಕು. ನನ್ನಲ್ಲಿ ಕುಂದಗೋಳ, ಹುಬ್ಬಳ್ಳಿ, ಅಣ್ಣಿಗೇರಿ ಎಂಬ ಮೂರು ನಿಲ್ದಾಣಗಳು. ಪರದೆಯ ಹಿಂದೆ ಹಾವೇರಿ ಕಡೆಗೊಂದು, ಗದಗ ಕಡೆಗೊಂದು ಗುಪ್ತ ಯಾರ್ಡ್, ಅಂದರೆ ಗಾಡಿಗಳು ಕಣ್ಣಿಗೆ ಬೀಳದೆ ನಿಲ್ಲುವ ಹಳಿಗಳು. ಆಮೇಲೆ ಬೋಗಿಗಳು, ಎಂಜಿನ್‌ಗಳು, ಮಾರ್ಗ, ಕೊನೆಗೆ ರೈಲು. ಉದ್ದವನ್ನು ಮೀಟರಿನಲ್ಲೂ ಕೊಡಬಹುದು ಎಂಬುದು ನಮಗೆ ಅನುಕೂಲ. ಐಸಿಎಫ್ (ಚೆನ್ನೈ ಕಾರ್ಖಾನೆಯ ಹಳೆಯ ಮಾದರಿ) ಬೋಗಿ ಬಫರ್‌ನಿಂದ ಬಫರ್‌ಗೆ ಸುಮಾರು 22.3 ಮೀಟರ್, 1:87ರಲ್ಲಿ 25.6 ಸೆಂಟಿಮೀಟರ್. ಇಪ್ಪತ್ತನಾಲ್ಕು ಬೋಗಿಗಳ ಪೂರ್ಣ ರೇಕ್ (ಗಾಡಿಯ ಬೋಗಿಗಳ ಸಾಲು) ಹಾಕಿದರೆ ಆರು ಮೀಟರ್ ದಾಟುತ್ತದೆ. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರಂ ಇದೇ ಅಳತೆಯಲ್ಲಿ 17 ಮೀಟರಿಗೂ ಹೆಚ್ಚು. ಅದನ್ನು ಮನೆಯೊಳಗೆ ತರುವ ಮಾತೇ ಇಲ್ಲ. ನಾನು ಎಂಟು ಬೋಗಿಗೆ ಇಳಿಸಿಕೊಂಡಿದ್ದೇನೆ: ಎರಡು ತುದಿಗೆ ಎಸ್‌ಎಲ್‌ಆರ್ (ಗಾರ್ಡ್‌ಗೂ ಲಗೇಜಿಗೂ ಜಾಗವಿರುವ ಬೋಗಿ), ನಡುವೆ ಎರಡು ಜನರಲ್, ಮೂರು ಸ್ಲೀಪರ್, ಒಂದು ಎಸಿ. ಎರಡು ಮೀಟರಿಗೆ ಸ್ವಲ್ಪ ಹೆಚ್ಚಾಗುವ ಈ ರೇಕ್ ಕಣ್ಣಿಗೆ ಕುಳ್ಳಗೆ ಕಾಣುವುದಿಲ್ಲ.

ಪ್ಯಾಸೆಂಜರ್ ಗಾಡಿಗೆಂದೇ ಇದರಲ್ಲಿ ಮೂರು ಒಳ್ಳೆಯ ಸೌಲಭ್ಯಗಳನ್ನು ಕಂಡೆ. ಪ್ರತಿ ಪ್ರಯಾಣಿಕ ಬೋಗಿಗೂ ಒಂದು ಕ್ರಮಸಂಖ್ಯೆ ಕೊಡಬಹುದು, ಆ ಕ್ರಮದಲ್ಲೇ ರೇಕ್ ಸಾಲುಗಟ್ಟುತ್ತದೆ. ಎಸಿ ಬೋಗಿ ಒಮ್ಮೆ ಮುಂದೆ ಒಮ್ಮೆ ಹಿಂದೆ ಬರುವ ಅಸಂಬದ್ಧ ತಪ್ಪುತ್ತದೆ. ಸದಾ ಜೊತೆಯಾಗಿಯೇ ಓಡುವ ಬೋಗಿಗಳನ್ನು ಒಂದು ಗುಂಪಾಗಿ ಕಟ್ಟಿಹಾಕಬಹುದು. ನನಗೆ ಅತ್ಯಂತ ಪ್ರಿಯವಾದದ್ದು ಮೂರನೆಯದು: ಮಾರ್ಗದ ನಡುವೆ ಇಂಥ ನಿಲ್ದಾಣದಲ್ಲಿ ಎಂಜಿನ್ ಬದಲಿಸು ಎಂದು ರೈಲಿನ ವಿವರದಲ್ಲೇ ಗುರುತು ಹಾಕಬಹುದು. ಹುಬ್ಬಳ್ಳಿ ಶೆಡ್‌ನ ಡಬ್ಲ್ಯೂಡಿಪಿ-4 ಡೀಸೆಲ್ ಎಂಜಿನ್‌ಗೆ ಕ್ಯಾಬ್ (ಚಾಲಕರ ಕೋಣೆ) ಇರುವುದು ಒಂದೇ ತುದಿಯಲ್ಲಿ. ಬಂದ ಎಂಜಿನ್ನನ್ನೇ ಸುತ್ತಿಸಿ ಕಟ್ಟಿದರೆ ಯಂತ್ರಗಳನ್ನು ಮುಚ್ಚಿದ ಉದ್ದನೆಯ ಹುಡ್ ಮುಂದಾಗಿ ಚಾಲಕರಿಗೆ ದಾರಿ ಸರಿಯಾಗಿ ಕಾಣದು. ಹಾಗಾಗಿ ಗದಗ ಕಡೆಗೆ ಮುಖ ಮಾಡಿದ ಇನ್ನೊಂದು ಎಂಜಿನ್ ಶೆಡ್ ಹಳಿಯಲ್ಲಿ ಕಾದಿರಬೇಕು. ಅದು ಅಲ್ಲಿ ಇಲ್ಲದಿದ್ದರೆ ತಂತ್ರಾಂಶ ರೈಲನ್ನು ಕಟ್ಟಲು ಒಪ್ಪದೆ, ಕಾರಣವನ್ನು ವರದಿಯಲ್ಲಿ ಬರೆದು ತೋರಿಸುತ್ತದೆ. ಈ ಶಿಸ್ತು ನನಗೆ ಬಹಳ ಹಿಡಿಸಿತು.

ಕೊನೆಗೆ ಮುದ್ರಿತವಾಗಿ ಬರುವ ಹಾಳೆಯಲ್ಲಿ ಆಯಾ ನಿಲ್ದಾಣದ ಕೆಲಸ, ಹೊರಡುವ ಹೊತ್ತು ಎಲ್ಲವೂ ಇರುತ್ತವೆ. ನಮ್ಮದೇ ಟಿಪ್ಪಣಿಯನ್ನೂ ಸೇರಿಸಬಹುದು. ಗಾರ್ಡ್ ತುದಿ ಬದಲಿಸುವುದು, ಎಲ್‌ವಿ ಫಲಕ, ಹಿಂದಿನ ದೀಪ, ಬ್ರೇಕ್ ಪರೀಕ್ಷೆ ಇವನ್ನು ನಾನು ಹುಬ್ಬಳ್ಳಿಯ ಟಿಪ್ಪಣಿಯಲ್ಲಿ ಹಾಕಿದ್ದೇನೆ. ನಮ್ಮ ಬೀದಿಯಲ್ಲಿರುವ ನಿವೃತ್ತ ಗಾರ್ಡ್ ಒಬ್ಬರು ಭಾನುವಾರ ಬಂದು ಕೂಡುತ್ತಾರೆ. ಹಾಳೆ ಓದಿ, "ಬಿಪಿಸಿ ಎಲ್ಲಿ ಬರೆದಿದ್ದೀರಿ? ಬ್ರೇಕ್ ಪವರ್ ಸರ್ಟಿಫಿಕೇಟ್ ನೋಡದೆ ನಾನು ಹಸಿರು ಬಾವುಟ ತೋರಿಸುವವನಲ್ಲ, ಸರ್," ಎಂದರು. ಮುಂದಿನ ಮುದ್ರಣದಲ್ಲಿ ಅದೂ ಸೇರಿತು.

ಗಡಿಯಾರದ ವಿಷಯವನ್ನು ಮಾತ್ರ ಎಚ್ಚರಿಕೆಯಿಂದ ನೋಡಬೇಕು. ಜೆಎಂಆರ್‌ಐಯಲ್ಲಿ ವೇಗದ ಗಡಿಯಾರವಿದೆ. ನಿಜವಾದ ಒಂದು ನಿಮಿಷವನ್ನು ನಾಲ್ಕೋ ಆರೋ ನಿಮಿಷವಾಗಿ ಓಡಿಸಬಹುದು. ಊರಿನಿಂದ ಊರಿಗೆ ಮೂರು ಹೆಜ್ಜೆ ಇರುವ ಲೇಔಟ್‌ನಲ್ಲಿ ದೂರದ ಭಾವನೆ ಹುಟ್ಟಲು ಇದು ಬೇಕೇ ಬೇಕು. ಆದರೆ ಶಂಟಿಂಗ್ (ಎಂಜಿನ್, ಬೋಗಿಗಳನ್ನು ಕಳಚಿ ಜೋಡಿಸುವ) ಕೆಲಸ ಗಡಿಯಾರದ ಜೊತೆ ಚುರುಕಾಗುವುದಿಲ್ಲ. ಎಂಜಿನ್ ಕಳಚಿ, ಇನ್ನೊಂದನ್ನು ಮೆಲ್ಲಗೆ ತಂದು ಜೋಡಿಸಲು ಕೈಯಲ್ಲಿ ನಾಲ್ಕು ನಿಮಿಷ ಬೇಕೆಂದರೆ, ಒಂದಕ್ಕೆ ಆರರ ಗಡಿಯಾರದಲ್ಲಿ ಅದು ಇಪ್ಪತ್ತನಾಲ್ಕು ನಿಮಿಷ. ಅಷ್ಟರಲ್ಲಿ ಗಾಡಿ ತಡವಾಗಿರುತ್ತದೆ, ಆಡುವವರು ಎಂಜಿನ್ನನ್ನು ಓಡಿಸಿ ಡಿಕ್ಕಿ ಹೊಡೆಸುತ್ತಾರೆ, ನೈಜತೆ ಅಲ್ಲೇ ಮುಗಿಯುತ್ತದೆ. ಪ್ರಯಾಣಿಕ ಗಾಡಿಗಳೇ ಹೆಚ್ಚಿರುವ ಲೇಔಟ್‌ಗೆ ಒಂದಕ್ಕೆ ಎರಡು ಅಥವಾ ಮೂರು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ವೇಗ ಕಡಿಮೆ ಮಾಡಿದರೆ ದಿನಕ್ಕೆ ಎರಡು ಗಾಡಿ ಕಡಿಮೆ ಓಡುತ್ತವೆ, ಓಡಲಿ.

ಏಕ ಮಾರ್ಗದಲ್ಲಿ ಎದುರು ಗಾಡಿಗೆ ದಾರಿ ಬಿಡಲು ಯಾವ ಗಾಡಿ ಎಲ್ಲಿ ಕ್ರಾಸಿಂಗ್‌ಗೆ ನಿಲ್ಲಬೇಕು ಎಂಬುದನ್ನು ಆಪರೇಷನ್ಸ್‌ಪ್ರೊ ನಿರ್ಧರಿಸುವುದಿಲ್ಲ. ಅದಕ್ಕೆ ಜೆಎಂಆರ್‌ಐಯಲ್ಲೇ ಟೈಮ್‌ಟೇಬಲ್ ಎಂಬ ಬೇರೆ ಸಾಧನವಿದೆ. ಸಮಯ, ನಿಲ್ದಾಣ ಎರಡನ್ನೂ ಇಟ್ಟು ಪ್ರತಿ ಗಾಡಿಗೂ ಓರೆಗೆರೆ ಎಳೆದು ತೋರಿಸುತ್ತದೆ. ಒಂದು ಭಾಗದ ಗಾಡಿಗಳ ಓಡಾಟ ನೋಡಿಕೊಳ್ಳುವ ನಮ್ಮ ಸೆಕ್ಷನ್ ಕಂಟ್ರೋಲರ್‌ಗಳು ಕೈಯಲ್ಲಿ ಎಳೆಯುತ್ತಿದ್ದ ಕಂಟ್ರೋಲ್ ಚಾರ್ಟ್ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಎರಡು ಗೆರೆಗಳು ಕುಂದಗೋಳದಲ್ಲಿ ಕೂಡಿದರೆ ಸರಿ, ಕುಂದಗೋಳಕ್ಕೂ ಹುಬ್ಬಳ್ಳಿಗೂ ನಡುವೆ ಕೂಡಿದರೆ ವೇಳಾಪಟ್ಟಿ ತಿದ್ದಬೇಕು. ಎರಡೂ ಸಾಧನಗಳಿಗೆ ವಿವರಗಳನ್ನು ನಾನು ಬೇರೆ ಬೇರೆಯಾಗಿ ತುಂಬುತ್ತೇನೆ. ಒಂದು ಸಂಜೆ ಅದಕ್ಕೆ ಹೋಗುತ್ತದೆ.

ತಂತ್ರಾಂಶದ ಮೂಲ ಮನಸ್ಸು ಅಮೆರಿಕದ ಗೂಡ್ಸ್ ಗಾಡಿಯದು. ಬೋಗಿಯ ವಿಧಗಳ ಪಟ್ಟಿ ತೆರೆದರೆ ಹೆಚ್ಚಾಗಿ ಅಲ್ಲಿನ ವ್ಯಾಗನ್‌ಗಳ ಹೆಸರೇ. ಎಸ್‌ಎಲ್‌ಆರ್, ಜನರಲ್, ಪ್ಯಾಂಟ್ರಿ ಎಲ್ಲವನ್ನೂ ನಾವೇ ಸೇರಿಸಿಕೊಳ್ಳಬೇಕು. ಸೇರಿಸಲು ಅವಕಾಶ ಧಾರಾಳವಾಗಿದೆ. ಹುಬ್ಬಳ್ಳಿಯಂತೆ ದಿಕ್ಕು ತಿರುಗುವ ಗಾಡಿಯನ್ನು ನಾನು ಕೆಲವೊಮ್ಮೆ ಎರಡು ರೈಲುಗಳಾಗಿ ಬರೆದುಕೊಳ್ಳುತ್ತೇನೆ, ಹಾಳೆಯಲ್ಲಿ ಬೋಗಿಗಳ ಸಾಲು ಕಣ್ಣೆದುರಿನ ಸಾಲಿಗೆ ತಪ್ಪದೆ ಹೊಂದಲಿ ಎಂದು.

ಹೊಸಬರು ಮೊದಲ ದಿನವೇ ಇಡೀ ವೇಳಾಪಟ್ಟಿ ತುಂಬಲು ಹೋಗಬಾರದು. ಒಂದು ಗಾಡಿ, ಎರಡು ನಿಲ್ದಾಣ, ಒಂದು ಎಂಜಿನ್ ಬದಲಾವಣೆ ಇಷ್ಟರಿಂದ ಶುರುಮಾಡಲಿ. ಡಿಸಿಸಿ (ಹಳಿಯ ಮೂಲಕ ಪ್ರತಿ ಎಂಜಿನ್‌ಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಇರುವವರು ಆಂಡ್ರಾಯ್ಡ್ ಫೋನ್‌ನಲ್ಲಿ ಎಂಜಿನ್ ಡ್ರೈವರ್ ಎಂಬ ಆ್ಯಪ್ ಹಾಕಿಕೊಂಡು ವೈಫೈ ಮೂಲಕವೇ ಗಾಡಿ ನಡೆಸಬಹುದು. ಮನೆಯಲ್ಲಿರುವ ಹಳೆಯ ಫೋನ್‌ಗಳಿಗೆ ಒಳ್ಳೆಯ ಉಪಯೋಗ. ಡಿಸಿಸಿ ಇಲ್ಲದೆ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಮೇಲೆ ಓಡಿಸುವವರಿಗೂ ಆಪರೇಷನ್ಸ್‌ಪ್ರೊ ಪೂರ್ತಿ ಕೆಲಸ ಮಾಡುತ್ತದೆ, ಏಕೆಂದರೆ ಅದಕ್ಕೆ ಹಳಿಯ ಜೊತೆ ತಂತಿಯ ಸಂಪರ್ಕವೇ ಬೇಕಿಲ್ಲ. ಜಾವಾ ಹಾಕಿದ ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಇದ್ದರೆ ಆಯಿತು.