ಹಾಸ್ಟೆಲ್ ಫೀ ಕಟ್ಟುವ ಮುಂಚೆ ಸಂಪು, ಟ್ಯಾಂಕು ನೋಡಿ

ರಾಯಚೂರು ಕಡೆ ಮಕ್ಕಳನ್ನು ಹಾಸ್ಟೆಲ್ ಇರುವ ಕ್ಯಾಂಪಸ್‌ಗೆ ಸೇರಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕ್ಯಾಂಪಸ್ ಹೆಸರು ಹಾಕುತ್ತಿಲ್ಲ. ನನ್ನ ತಂಗಿ ಇನ್ನೂ ಅಲ್ಲೇ ಓದುತ್ತಿದ್ದಾಳೆ. ನಾವು ಎಲ್ಲಿ ಮೋಸ ಹೋದೆವು ಅಂತ ಗೊತ್ತಾದರೆ ಸಾಕು, ನಿಮಗೆ ಯಾವ ಕ್ಯಾಂಪಸ್‌ನಲ್ಲಾದರೂ ಉಪಯೋಗಕ್ಕೆ ಬರುತ್ತದೆ.

ನಾವು ಮಾನ್ವಿ ಕಡೆಯವರು, ಭತ್ತ ಬೆಳೆಯುವ ಮನೆ. ನಮ್ಮ ಮನೆತನದಲ್ಲಿ ಎಂ.ಎಸ್ಸಿ.ವರೆಗೆ ಹೋದ ಮೊದಲ ಹುಡುಗಿ ನನ್ನ ತಂಗಿ. ಅಡ್ಮಿಶನ್‌ಗೆ ಅಪ್ಪ, ನಾನು, ಅವಳು ಮೂವರೂ ಹೋಗಿದ್ದೆವು. ಎ.ಸಿ. ಸೆಮಿನಾರ್ ಹಾಲ್, ಗಾಜಿನ ಬಾಗಿಲಿನ ಲೈಬ್ರರಿ, ಹೊಸ ಕಂಪ್ಯೂಟರ್ ಲ್ಯಾಬ್ ನೋಡಿ ಅಪ್ಪನಿಗೆ ಭಾಳ ಖುಷಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಟ್ಟ ಗ್ರೇಡಿನ ಬೋರ್ಡು ಗೇಟಿಗೇ ಹಾಕಿದ್ದರು. ಹಾಸ್ಟೆಲ್ ತೋರಿಸಿ ಅಂದಾಗ ಕೆಳಗಿನ ಒಂದು ಕೋಣೆ ಬೀಗ ತೆಗೆದು ತೋರಿಸಿದರು. ಹೊಸ ಪೇಂಟ್ ವಾಸನೆ ಇನ್ನೂ ಹೋಗಿರಲಿಲ್ಲ. "ಮ್ಯಾಲೆ ಹುಡುಗ್ಯಾರು ಅದಾರ್ರಿ, ಗಂಡಸರು ಹೋಗಂಗಿಲ್ಲ" ಅಂದರು. ಸರಿಯೇ. ಆದರೆ ನಾನು ಹೆಣ್ಣುಮಗಳು, ನಾನಾದರೂ ಹತ್ತಿ ನೋಡಬಹುದಿತ್ತಲ್ವಾ? ನೋಡಲಿಲ್ಲ. ಅದು ಇವತ್ತಿಗೂ ಮನಸ್ಸು ಕೊರೆಯುತ್ತದೆ.

ತಂಗಿಗೆ ಸಿಕ್ಕಿದ್ದು ಎರಡನೇ ಮಹಡಿ. ಅಲ್ಲಿ 32 ಹುಡುಗಿಯರಿಗೆ 6 ಟಾಯ್ಲೆಟ್. ಎರಡಕ್ಕೆ ಬೀಗ, ಒಂದಕ್ಕೆ ಚಿಲಕ ಇಲ್ಲ. ಉಳಿದ ಮೂರರ ಮುಂದೆ ಬೆಳಿಗ್ಗೆ ಬಕೆಟ್ ಸಾಲು. ರಾತ್ರಿ ಎದ್ದು ಹೋಗಬೇಕಾಗುತ್ತದೆ ಅಂತ ಹೆದರಿ ಎಷ್ಟೋ ಹುಡುಗಿಯರು ಸಂಜೆ ಆದಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ! ತಂಗಿ ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಓದು ಬಿಡಿಸುತ್ತಾರೆ ಅನ್ನುವ ಭಯ ನಮ್ಮ ಕಡೆ ಹುಡುಗಿಯರಿಗೆ ಇದ್ದೇ ಇರುತ್ತದೆ.

ಫೆಬ್ರವರಿಯಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. "ಅಕ್ಕಾ, ಊಟ ಸೇರವಲ್ದು. ಅನ್ನ ನೋಡಿದ್ರ ವಾಂತಿ ಬಂದಂಗ ಆಗ್ತದ." ಮೆಸ್ ಊಟ ಬೇಸರ ಆಗಿರಬೇಕು ಅಂದುಕೊಂಡೆ. ನಾಲ್ಕು ದಿನಕ್ಕೆ ಕಣ್ಣು ಹಳದಿ ಆಯಿತು. ಕಾಮಣಿ. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಅಂತ ಬಂತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಹೋದ ತಿಂಗಳು ಎಲ್ಲೆಲ್ಲಿ ನೀರು ಕುಡಿದಿದ್ದೀಯಮ್ಮ?" ಮನುಷ್ಯರ ಮಲ ಸೇರಿದ ನೀರು, ಊಟದಿಂದ ಈ ವೈರಸ್ ಹೊಟ್ಟೆ ಸೇರುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಕಾಯಿಲೆ ಕಾಣಿಸಿಕೊಳ್ಳುತ್ತದೆ ಅಂತ ಹೇಳಿದರು. ಆ ತಿಂಗಳು ಅವಳು ಕ್ಯಾಂಪಸ್ ಬಿಟ್ಟು ಹೊರಗೆ ಹೋಗಿಯೇ ಇರಲಿಲ್ಲ. ಅದೇ ಮಹಡಿಯ ಇನ್ನೂ ಮೂವರು ಕಾಮಣಿ ಆಗಿ ಊರಿಗೆ ಹೋಗಿದ್ದರು ಅಂತ ಆಮೇಲೆ ತಿಳಿಯಿತು.

ಅವಳ ಬಟ್ಟೆ, ಪುಸ್ತಕ ತರಲು ನಾನು ಹಾಸ್ಟೆಲ್‌ಗೆ ಹೋದೆ. ಈ ಸಲ ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿದೆ. ಮಹಡಿಯ ಮೂಲೆಯಲ್ಲಿ ಆರ್‌.ಒ. ಮಷಿನ್, ಮೇಲೆ "ಶುದ್ಧ ಕುಡಿಯುವ ನೀರು" ಅನ್ನುವ ಬೋರ್ಡು. ಪಕ್ಕದಲ್ಲಿ ತಂತಿಗೆ ಕಟ್ಟಿದ ಸರ್ವಿಸ್ ಕಾರ್ಡ್. ಅದರಲ್ಲಿ ಕೊನೆಯ ಸಹಿ 14 ತಿಂಗಳ ಹಿಂದಿನದು. ದೀಪ ಉರಿಯುತ್ತಿರಲಿಲ್ಲ, ಆದರೂ ನಲ್ಲಿಯಲ್ಲಿ ನೀರು ಬರುತ್ತಿತ್ತು. ಹೇಗೆ ಅಂತ ಹಿಂದೆ ಬಗ್ಗಿ ನೋಡಿದೆ. ಟ್ಯಾಂಕಿನ ಪೈಪನ್ನು ಮಷಿನ್‌ಗೆ ಕೊಟ್ಟೇ ಇಲ್ಲ, ನೇರ ನಲ್ಲಿಗೆ ಜೋಡಿಸಿದ್ದಾರೆ. ಮಕ್ಕಳು ಅದನ್ನೇ ಫಿಲ್ಟರ್ ನೀರು ಅಂತ ನಂಬಿ ಬಾಟಲಿ ತುಂಬಿಕೊಳ್ಳುತ್ತಿದ್ದರು.

ತಾರಸಿಗೆ ಹೋದೆ. ಒಂದು ಸಿಂಟೆಕ್ಸ್‌ಗೆ ಮುಚ್ಚಳ ಇಲ್ಲ, ತಗಡು ಇಟ್ಟು ಮೇಲೆ ಇಟ್ಟಿಗೆ ಹೇರಿದ್ದರು. ತಗಡು ಸರಿಸಿದರೆ ನೀರಿನ ಮೇಲೆ ಪಾರಿವಾಳದ ಪುಕ್ಕ. ಒಳಗೆ ಕೈ ಹಚ್ಚಿದೆ, ಬೆರಳಿಗೆ ಲೋಳೆ ಅಂಟಿತು. ಡಾಕ್ಟರ್ ಮಾತು ನೆನಪಾಗಿ ಕೆಳಗೆ ಇಳಿದು ಸಂಪು ಹುಡುಕಿದೆ. ಸಂಪಿನಿಂದ ಏಳೆಂಟು ಹೆಜ್ಜೆಗೆ ಟಾಯ್ಲೆಟ್ ಚೇಂಬರ್. ಅದು ತುಂಬಿ ಹೊಲಸು ನೆಲದ ಮೇಲೆ ಹರಿಯುತ್ತಿತ್ತು. ಸಂಪಿನ ಬಾಯಿ ನೆಲಕ್ಕೆ ಸಮ, ಸುತ್ತ ಒಂದು ಗೇಣು ಕಟ್ಟೆ ಕೂಡ ಇಲ್ಲ. ತಂಗಿ ಇದೇ ನೀರು ಕುಡಿದಳಲ್ಲ ಅಂತ ಅಲ್ಲೇ ಕುಳಿತು ಅತ್ತುಬಿಟ್ಟೆ.

ವಾರ್ಡನ್ ಮೇಡಂ ಪೆನ್ನಿನಂಥ ಮೀಟರ್ ತಂದು ಲೋಟದಲ್ಲಿ ಅದ್ದಿ ತೋರಿಸಿದರು. "ನೋಡ್ರಿ, ಟಿ.ಡಿ.ಎಸ್. 340 ಅದ. ನೀರು ಚೊಲೊ ಅದ." ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಟಿ.ಡಿ.ಎಸ್. ಅಂದರೆ ನೀರಿನಲ್ಲಿ ಕರಗಿರುವ ಲವಣದ ಲೆಕ್ಕ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುವುದು ನಿಜ. ಆದರೆ ಆ ಮೀಟರ್‌ಗೆ ರೋಗಾಣು ಕಾಣುವುದಿಲ್ಲ. ನಮ್ಮ ಊರ ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಮಾಡುವ ಸಂಘದ ಅಕ್ಕನಿಂದ ಎಚ್‌.ಟು.ಎಸ್. ಬಾಟಲಿ ತಂದು ಹಾಸ್ಟೆಲ್ ನೀರು ತುಂಬಿ ಇಟ್ಟೆ. ಮಲದ ಅಂಶ ಸೇರಿದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ನಮ್ಮದು ಮರುದಿನವೇ ಮಸಿಯಂತೆ ಕಪ್ಪಾಯಿತು.

2022ರಲ್ಲಿ ರಾಯಚೂರು ನಗರದಲ್ಲೇ ಹೊಲಸು ನೀರು ಕುಡಿದು ಜನ ಸತ್ತಿದ್ದಾರೆ. ಅಷ್ಟಾದಮೇಲೂ ಒಂದು ಹಾಸ್ಟೆಲ್‌ನಲ್ಲಿ ಹೀಗೆ ನಡೆಯುತ್ತದೆ ಅಂದರೆ ನನಗೆ ಸಿಟ್ಟು ಬರುತ್ತದೆ, ಭಯವೂ ಆಗುತ್ತದೆ.

ಹಾಗಾಗಿ ಹಾಸ್ಟೆಲ್ ನೋಡಲು ಹೋದರೆ ಮೇಲಿನ ಮಹಡಿಗೆ ಹೋಗಿ. ಮನೆಯ ಹೆಣ್ಣುಮಕ್ಕಳು ಯಾರಾದರೂ ಜೊತೆಗಿರಲಿ. ಅಲ್ಲಿ ಆಗಲೇ ಇರುವ ಹುಡುಗಿಯರನ್ನು, ವಾರ್ಡನ್ ಪಕ್ಕದಲ್ಲಿ ಇಲ್ಲದಾಗ, ಎಷ್ಟು ಟಾಯ್ಲೆಟ್ ತೆರೆದಿರುತ್ತವೆ, ಯಾರಿಗಾದರೂ ಕಾಮಣಿ ಆಗಿತ್ತಾ ಅಂತ ಕೇಳಿ. ಸರ್ವಿಸ್ ಕಾರ್ಡ್ ತಾರೀಖು ಓದಿ. ಬೋರ್ ನೀರಾದರೆ ಫ್ಲೋರೈಡ್ ರಿಪೋರ್ಟ್ ಕೇಳಿ. ನಮ್ಮ ಜಿಲ್ಲೆಯಲ್ಲಿ ಅದರ ಕಾಟ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಕುದಿಸಿದರೆ ಅದು ಹೋಗುವುದೂ ಇಲ್ಲ. ಕಾಮಣಿ ವೈರಸ್ ಮಾತ್ರ ನೀರು ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಈಗಾಗಲೇ ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಇವತ್ತೇ ಒಂದು ಕೆಟಲ್ ಕೊಡಿಸಿ.

ಇನ್ನೊಂದು. ಹುಡುಗಿಯರು ಮೂರು ತಿಂಗಳು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ "ನೋಡೋಣ" ಅನ್ನುವುದು ಬಿಟ್ಟರೆ ಬೇರೆ ಉತ್ತರ ಸಿಕ್ಕಿರಲಿಲ್ಲ. ನಾನು ಫೋಟೊ ಸಮೇತ ಬರೆದು, ಸೀಲ್ ಹಾಕಿಸಿಕೊಂಡು ದೂರು ಕೊಟ್ಟೆ. ಒಂದೇ ವಾರಕ್ಕೆ ಚೇಂಬರ್ ಖಾಲಿ ಮಾಡಿಸಿದರು, ಟ್ಯಾಂಕಿಗೆ ಮುಚ್ಚಳ ಬಂತು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅಲ್ಲಿ ಆಗದಿದ್ದರೆ ಮೇಲ್ಮನವಿ ಕೇಳಲು ಓಂಬುಡ್ಸ್‌ಪರ್ಸನ್ ಇರುತ್ತಾರೆ. ಇದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

ತಂಗಿ ಈಗ ಇಬ್ಬರು ಗೆಳತಿಯರ ಜೊತೆ ಬಾಡಿಗೆ ಕೋಣೆಯಲ್ಲಿದ್ದಾಳೆ. ಕಣ್ಣು ತಿಳಿಯಾಗಿದೆ, ಮೊನ್ನೆ ಎರಡು ರೊಟ್ಟಿ ತಿಂದಳು. ಹಾಸ್ಟೆಲ್ ಫೀ ವಾಪಸ್ ಬಂದಿಲ್ಲ. ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ "ಯಾವ ಕಾರಣಕ್ಕೂ ಹಣ ಹಿಂದಿರುಗಿಸುವುದಿಲ್ಲ" ಅಂತ ಇತ್ತು, ಅಪ್ಪ ಸಹಿ ಹಾಕಿದ್ದರು. ಅದರ ಬಗ್ಗೆಯೂ ಸಮಿತಿಗೆ ಬರೆದಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇವೆ.