ಪಿಎಂಪಿ ಜೊತೆ ಮೂರು ವರ್ಷ: ಚಾವಡಿಯಲ್ಲಿ ಅಡಿಕೆ, ಕಿವಿಯಲ್ಲಿ ವೆಬಿನಾರ್

2025ರ ಜೂನ್, ಜುಲೈ ಎರಡು ತಿಂಗಳು ನಮ್ಮ ಚಾವಡಿಯಲ್ಲಿ ದಿನಾ ರಾತ್ರಿ ಒಂದೇ ದೃಶ್ಯ. ಹೊರಗೆ ಧೋ ಎಂದು ಮಳೆ, ಎದುರಿಗೆ ಸುಲಿಯಲು ಅಡಿಕೆ ರಾಶಿ, ನನ್ನ ಕಿವಿಯಲ್ಲಿ ಯಾರೋ ಅಮೆರಿಕದವರ ‘ಸ್ಟೇಕ್‌ಹೋಲ್ಡರ್ ಎಂಗೇಜ್‌ಮೆಂಟ್’ ಭಾಷಣ. ಅಮ್ಮ ಮೊದಲ ವಾರ ಏನೂ ಹೇಳಲಿಲ್ಲ. ಎರಡನೇ ವಾರ, “ಪಾಸಾಗಿ ಮೂರು ವರ್ಷ ಆಯ್ತಲ್ಲ, ಇನ್ನು ಎಂತದು ಓದುವುದು?” ಎಂದು ಕೇಳಿದರು.

ಅದೇ ನನ್ನ ದೂರು. ಪಿಎಂಪಿ ಎಂದರೆ ಪ್ರಾಜೆಕ್ಟ್ ನಡೆಸುವವರಿಗೆ ಅಮೆರಿಕದ ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಕೊಡುವ ಸರ್ಟಿಫಿಕೇಟ್. ಅದು ಒಮ್ಮೆ ಪಾಸಾದರೆ ಮುಗಿಯುವುದಿಲ್ಲ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 60 ಪಿಡಿಯು, ಅಂದರೆ ವೃತ್ತಿ ಕಲಿಕೆಯ ಅಂಕ, ತೋರಿಸಬೇಕು. ಒಂದು ಗಂಟೆ ಕಲಿತರೆ ಒಂದು ಪಿಡಿಯು. ಅದರಲ್ಲಿ ಕನಿಷ್ಠ 35 ಕಲಿಕೆಯಿಂದಲೇ ಬರಬೇಕು. ದಿನಾ ಆಫೀಸಿನಲ್ಲಿ ಇದೇ ಕೆಲಸ ಮಾಡಿ ಸಾಯುತ್ತೇವಲ್ಲ, ಅದಕ್ಕೆ ಮೂರು ವರ್ಷಕ್ಕೆ ಸಿಗುವುದು ಹೆಚ್ಚೆಂದರೆ 8. ಜೂನ್ ಮೊದಲ ವಾರ ನನ್ನ ಖಾತೆ ತೆರೆದು ನೋಡಿದರೆ ಇದ್ದದ್ದು 17. ಬಾಕಿ 43 ಗಂಟೆ. ತಪ್ಪು ನನ್ನದೇ, ಒಪ್ಪಿಕೊಂಡೆ. ಶೆಡ್ಯೂಲ್ ಮಾಡುವುದಕ್ಕೆ ಸರ್ಟಿಫಿಕೇಟ್ ಇಟ್ಟುಕೊಂಡವಳ ಶೆಡ್ಯೂಲ್ ಹೀಗೆ. ಪಿಎಂಐ ಸದಸ್ಯತ್ವವನ್ನೂ ನಡುವೆ ಬಿಟ್ಟಿದ್ದರಿಂದ 60 ಡಾಲರಿನಲ್ಲಿ ಮುಗಿಯಬೇಕಿದ್ದ ನವೀಕರಣಕ್ಕೆ 150 ಕಟ್ಟಿದೆ.

ಪರೀಕ್ಷೆಗೆ ಕಟ್ಟುವಾಗ ಮಾತ್ರ ಜಾಣತನ ತೋರಿಸಿದ್ದೆ. 2022ರಲ್ಲಿ ಸದಸ್ಯರಲ್ಲದವರಿಗೆ ಶುಲ್ಕ 555 ಡಾಲರ್, ಸದಸ್ಯರಿಗೆ 405. ಮೊದಲ ವರ್ಷದ ಸದಸ್ಯತ್ವಕ್ಕೆ 139. ಕೂಡಿಸಿ ನೋಡಿ, ಸದಸ್ಯರಾಗಿಯೇ ಬರೆದರೆ ಆಗ 11 ಡಾಲರ್ ಉಳಿಯುತ್ತಿತ್ತು, ಪಿಎಂಐಯ ಕೈಪಿಡಿ ಪಿಎಂಬಾಕ್‌ನ ಪಿಡಿಎಫ್ ಪುಕ್ಕಟೆ. ಆದರೂ ರೂಪಾಯಿಯಲ್ಲಿ ನಲವತ್ತು ಸಾವಿರ ದಾಟಿತು. ಮನೆಯಲ್ಲಿ ಮೊತ್ತ ಹೇಳಿರಲಿಲ್ಲ, ಈಗಲೂ ಹೇಳಿಲ್ಲ.

ಅರ್ಜಿಗೆ ಮೊದಲು 35 ಗಂಟೆಯ ತರಬೇತಿ ಕಡ್ಡಾಯ. ನಾನು ಸೇರಿದ ಆನ್‌ಲೈನ್ ಕ್ಲಾಸಿನವರು ಪಿಎಂಬಾಕ್‌ನ ಆರನೇ ಆವೃತ್ತಿಯ 49 ಪ್ರೊಸೆಸ್‌ಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು. 2021ರಲ್ಲೇ ಏಳನೇ ಆವೃತ್ತಿ ಬಂದು, ಪುಸ್ತಕ 12 ತತ್ವಗಳ ಸುತ್ತ ತಿರುಗಿಯಾಗಿತ್ತು. ಪರೀಕ್ಷೆಯಲ್ಲೂ ಅರ್ಧದಷ್ಟು ಅಜೈಲ್ (ಸಣ್ಣ ಸಣ್ಣ ಹಂತದಲ್ಲಿ, ಬದಲಾಯಿಸಿಕೊಳ್ಳುತ್ತಾ ಕೆಲಸ ಮಾಡುವ ಕ್ರಮ), ಹೈಬ್ರಿಡ್ (ಅದಕ್ಕೆ ಹಳೇ ಕ್ರಮ ಬೆರೆಸಿದ್ದು). ಮಗ್ಗಿ ಒಂದು ಪ್ರಶ್ನೆಗೂ ಕೆಲಸಕ್ಕೆ ಬರಲಿಲ್ಲ.

ನಾನು ನಿಜವಾಗಿ ಕಲಿತದ್ದು ರೈಲಿನಲ್ಲಿ. ಬದಿಯಡ್ಕದಿಂದ ಸ್ಕೂಟರಿನಲ್ಲಿ ಕುಂಬಳೆ ಸ್ಟೇಷನ್, ಅಲ್ಲಿಂದ ಬೆಳಗಿನ ಗಾಡಿಯಲ್ಲಿ ಮಂಗಳೂರು. ಕುಂಬಳೆಯಲ್ಲಿ ಹತ್ತುವವರಿಗೆ ಸೀಟು ಎಲ್ಲಿಂದ? ಬಾಗಿಲ ಹತ್ತಿರ ನಿಂತು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು. ಉಪ್ಪಳಕ್ಕೆ ಐದು ಪ್ರಶ್ನೆ, ಮಂಜೇಶ್ವರಕ್ಕೆ ಹತ್ತು. ನೇತ್ರಾವತಿ ಸೇತುವೆ ಬಂದರೆ ಫೋನು ಚೀಲಕ್ಕೆ. ಸೇತುವೆಯ ಮೇಲೆ ಹೊಳೆ ನೋಡುವುದು ಬಿಟ್ಟು ಬೇರೆ ಕೆಲಸ ಇಲ್ಲ ಎಂದು ನಾನೇ ಮಾಡಿಕೊಂಡ ನಿಯಮ. ಸಂಜೆ ಬರುವಾಗ ತಪ್ಪಾದ ಪ್ರಶ್ನೆಗಳನ್ನು ಮಾತ್ರ ಒಂದು ಪುಟ್ಟ ಪುಸ್ತಕದಲ್ಲಿ ಬರೆಯುವುದು, ಕಾರಣ ಕನ್ನಡದಲ್ಲಿ. ಐದು ತಿಂಗಳು ಹೀಗೆ.

ಪಿಎಂಪಿ ಪ್ರಶ್ನೆಗಳಿಗೆ ಒಂದು ಚಟ ಉಂಟು. ಏನೋ ಒಂದು ಎಡವಟ್ಟು ಹೇಳಿ, ಕೊನೆಯಲ್ಲಿ “ಪ್ರಾಜೆಕ್ಟ್ ಮ್ಯಾನೇಜರ್ ಮೊದಲು ಏನು ಮಾಡಬೇಕು?” ಎಂದು ಕೇಳುತ್ತವೆ. ನಾಲ್ಕೂ ಉತ್ತರ ಸರಿಯೇ, ಆದರೆ ‘ಮೊದಲು’ ಯಾವುದು ಎಂಬುದೇ ಪರೀಕ್ಷೆ. ನಾನು ಪ್ರತಿ ಸಲ “ಮೇಲಿನವರಿಗೆ ತಿಳಿಸುವುದು” ಎಂಬುದನ್ನೇ ಒತ್ತುತ್ತಿದ್ದೆ, ಎಂಟು ವರ್ಷದ ಆಫೀಸು ಕಲಿಸಿದ್ದು ಅದನ್ನೇ. ಒಂದು ದಿನ ಹೆಗಲ ಹಿಂದಿನಿಂದ ನರ್ಸಿಂಗ್ ಓದುವ ಹುಡುಗಿ ಇಣುಕಿ ನೋಡಿ, “ಚೇಚೀ, ಸಿ ಅಲ್ಲೇ?” ಎಂದಳು, ಮಲಯಾಳದಲ್ಲಿ, ‘ಅಕ್ಕಾ, ಸಿ ಅಲ್ಲವಾ?’ ಎಂದು. ‘ಸಿ’ ಅಂದರೆ ಸಂಬಂಧಪಟ್ಟವರ ಹತ್ತಿರ ಹೋಗಿ ಕಾರಣ ಕೇಳುವುದು. ಅದೇ ಸರಿ ಇತ್ತು.

ಪರೀಕ್ಷೆ ಮನೆಯಿಂದಲೇ ಬರೆದೆ, 2022ರ ಆಗಸ್ಟಿನಲ್ಲಿ. 180 ಪ್ರಶ್ನೆ, 230 ನಿಮಿಷ, ಅರುವತ್ತಕ್ಕೊಮ್ಮೆ ಹತ್ತು ನಿಮಿಷ ಬಿಡುವು. ಬಿಡುವಿಗೆ ಎದ್ದರೆ ಹಿಂದಿನ ಪ್ರಶ್ನೆಗೆ ಮರಳುವ ಹಾಗಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು ಎಂದಾಗ ನಮ್ಮಲ್ಲಿ ಬಾಗಿಲು ಸರಿಯಾಗಿ ಮುಚ್ಚುವ ಕೋಣೆ ಒಂದೇ, ಪತ್ತಾಯ (ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ) ಇಟ್ಟಿರುವುದು. ನಾಲ್ಕು ಕಡೆಯ ಫೋಟೊ ಕಳಿಸಿದೆ. ಮೇಲ್ವಿಚಾರಕರು ಗೋಡೆಯ ಕ್ಯಾಲೆಂಡರ್ ತೆಗೆಸಿದರು. ಪತ್ತಾಯದೊಳಗೆ ಏನುಂಟು ಎಂದು ಪುಣ್ಯಕ್ಕೆ ಕೇಳಲಿಲ್ಲ. ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಪಿಸುಗುಟ್ಟಿಕೊಳ್ಳುವುದು ನನ್ನ ಅಭ್ಯಾಸ. ಇಪ್ಪತ್ತನೇ ಪ್ರಶ್ನೆಗೆ ಎಚ್ಚರಿಕೆ ಬಂತು, ಗಟ್ಟಿಯಾಗಿ ಓದುವ ಹಾಗಿಲ್ಲ ಎಂದು. ಅಲ್ಲಿಂದ ಮುಂದೆ ತುಟಿ ಕಚ್ಚಿಕೊಂಡೇ ಬರೆದೆ. ಕರೆಂಟು ಎರಡು ಸಲ ಹೋಯಿತು, ಇನ್ವರ್ಟರ್ ಕಾಪಾಡಿತು.

ಪಾಸಾದ ಮೇಲೆ? ಸಂಬಳ ಏರಲಿಲ್ಲ. ಕಂಪನಿಯವರು ಟೆಂಡರ್ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಮೂರು ಅಕ್ಷರ ಸೇರಿಸಿಕೊಂಡರು, ಅಷ್ಟೆ. ಒಂದು ವರ್ಷ ಆ ಸಿಟ್ಟಿನಲ್ಲೇ ಇದ್ದೆ, ಪಿಡಿಯು ಕಡೆ ತಿರುಗಿ ನೋಡದ್ದು ಅದಕ್ಕೇ.

ಸಿಟ್ಟು ಇಳಿದದ್ದು ತೋಟದಲ್ಲಿ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಎರಡನೇ ಸಲ ಮೈಲುತುತ್ತು-ಸುಣ್ಣದ ಮದ್ದು ಬಿಡುವ ಹೊತ್ತು, ಮೊದಲನೆಯದು ಆಗಿ ನಲವತ್ತೈದು ದಿನ ಕಳೆದಿತ್ತು. ಎರಡು ದಿನ ಮಳೆ ಬಿಟ್ಟಿದೆ, ಮದ್ದು ಬಿಡುವವನು ಬರುತ್ತೇನೆ ಎಂದವನು ಬರಲಿಲ್ಲ. ಕೊಳೆರೋಗ ಕಾಯುವುದಿಲ್ಲ. ಅಪ್ಪ ಫೋನು ಹಿಡಿದು, “ಇವನನ್ನು ಬಿಡು ಮಗಾ, ಪೆರ್ಲದವನನ್ನು ಕರೆಯುವ” ಎಂದರು. ನನಗೆ ರೈಲಿನ ಪ್ರಶ್ನೆ ನೆನಪಾಯಿತು: ಗುತ್ತಿಗೆದಾರ ಹೇಳಿದ ದಿನ ಬರಲಿಲ್ಲ, ಮೊದಲು ಏನು ಮಾಡುತ್ತೀರಿ? ಸ್ಕೂಟರ್ ತೆಗೆದು ಅವನ ಮನೆಗೇ ಹೋದೆ. ಜಗಲಿಯಲ್ಲಿ ಕುಳಿತಿದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಅಕ್ಕ, ಎಲ್ಲ ಕಡೆ ಸಂಬಳ ಏರಿದೆ. ನಿಮ್ಮ ಅಪ್ಪನ ಹತ್ತಿರ ಕೇಳುವುದಕ್ಕೆ ದಾಕ್ಷಿಣ್ಯ.” ಅಪ್ಪ ಎರಡು ವರ್ಷದಿಂದ ಹಳೇ ದರವನ್ನೇ ಕೊಡುತ್ತಿದ್ದರು. ಮರುದಿನ ಬೆಳಿಗ್ಗೆ ಏಳಕ್ಕೆ ಅವನು ಹಗ್ಗ ಹಿಡಿದು ಹಾಜರು. ಅಪ್ಪ ಡ್ರಮ್ಮಿನ ದ್ರಾವಣದಲ್ಲಿ ಕತ್ತಿ ಅದ್ದಿ ನೋಡಿದರು, ಕೆಂಪು ಹತ್ತಿತ್ತು, ಇನ್ನಷ್ಟು ಸುಣ್ಣ ಹಾಕಿಸಿದರು. ದರದ ಮಾತು ಯಾರೂ ಎತ್ತಲಿಲ್ಲ. ಸಂಜೆ ಕೊಡುವಾಗ ಹೊಸ ದರವೇ ಇತ್ತು.

ಆಮೇಲೆ ಆಫೀಸಿನಲ್ಲೂ ಮೇಲಿನವರಿಗೆ ಮೇಲ್ ಕಳಿಸುವ ಮೊದಲು ಎದ್ದು ಹೋಗಿ ಕೇಳುವುದು ರೂಢಿಯಾಯಿತು. ಎಷ್ಟೋ ಮೇಲ್ ಬರೆಯಬೇಕಾಗಿಯೇ ಬರಲಿಲ್ಲ.

ಪದವಿ ಇದ್ದು 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಇದ್ದರೆ, ಕಂಪನಿ ಶುಲ್ಕ ಕೊಡುವುದಾದರೆ ಕಣ್ಣು ಮುಚ್ಚಿ ಬರೆಯಿರಿ. ಸ್ವಂತ ದುಡ್ಡಾದರೆ, ಮತ್ತು ಸಂಬಳ ಏರುತ್ತದೆಂಬ ಆಸೆಯಿಂದಲೇ ಹೊರಟಿದ್ದರೆ, ಇನ್ನೊಂದು ಸಲ ಲೆಕ್ಕ ಹಾಕಿ. ಅನುಭವ ಸಾಲದವರಿಗೆ ಪಿಎಂಐಯದೇ ಕೆಳಗಿನ ಹಂತದ ಸರ್ಟಿಫಿಕೇಟ್ ಸಿಎಪಿಎಂ ಉಂಟು, ಅದಕ್ಕೆ ಮೂರು ವರ್ಷಕ್ಕೆ 15 ಪಿಡಿಯು ಸಾಕು. ಪಕ್ಕದ ಮೇಜಿನವರು “ಮುಂದೆ ಪಿಜಿಎಂಪಿಯಾ?” ಎಂದು ಕೇಳುತ್ತಾರೆ. ಹಲವು ಪ್ರಾಜೆಕ್ಟ್‌ಗಳನ್ನು ಒಟ್ಟಿಗೆ ನಡೆಸುವವರ ಸರ್ಟಿಫಿಕೇಟ್ ಅದು. ಪರೀಕ್ಷೆಗೆ ಕೂರುವ ಮೊದಲೇ ತಜ್ಞರ ಸಮಿತಿ ಅನುಭವದ ಕಾಗದ ತೂಗಿ ನೋಡುವ ಪರೀಕ್ಷೆ ಅದು. ನನ್ನ ಕಾಗದ ಸದ್ಯಕ್ಕೆ ಹಗುರ.

ಹೊಸ ಸುತ್ತಿನಲ್ಲಿ ಈವರೆಗೆ 4 ಪಿಡಿಯು ಆಗಿದೆ. ಅಡಿಕೆ ಇನ್ನೂ ಆರು ಗೋಣಿ ಉಂಟು.