ಸಕ್ಕರ್ ಫಿಶ್, ಮೂರನೇ ವರ್ಷದ ವಿಮರ್ಶೆ: ಗಾಜು ಹಾಗೇ ಇದೆ, ಮೀನು ಮಾತ್ರ ಅಡಿ ಉದ್ದ ಆಗಿದೆ

"ಇದೊಂದು ಹಾಕಿ ಸಾರ್, ಟ್ಯಾಂಕ್ ತೊಳೆಯೋದೇ ಬೇಡ." ಗೋಲ್ಡ್ ಫಿಶ್ ತಗೊಂಡವರಿಗೆಲ್ಲ ಅಂಗಡಿಯಲ್ಲಿ ಹೀಗೆ ಹೇಳಿ ಎರಡಿಂಚಿನ ಕಪ್ಪು ಸಕ್ಕರ್ ಮರಿಯೊಂದನ್ನು ಕವರಿಗೆ ಸೇರಿಸಿ ಕೊಡುತ್ತಾರೆ. ನನಗೂ ಹಾಗೇ ಬಂತು, 40 ರೂಪಾಯಿಗೆ. ಈಗ ಮೂರನೇ ವರ್ಷ ನಡೆಯುತ್ತಿದೆ. ಕ್ಲೀನರ್ ಅಂತ ಮಾರಿದ್ದನ್ನು ಕ್ಲೀನರ್ ಅಂತಲೇ ಅಳೆಯಬೇಕು ಅಲ್ವಾ? ಹಾಗೆ ಅಳೆದರೆ 5ಕ್ಕೆ 1.

ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಹೊಸ ಟ್ಯಾಂಕಿಗೆ ಹಿಡಿಯುವ ಕಂದು ಪುಡಿಯಂಥ ಪಾಚಿ, ಎಳೆ ಹಸಿರು ಲೋಳೆ, ಎಲ್ಲ ನೆಕ್ಕಿ ತೆಗೆಯುತ್ತಿತ್ತು. ಅದು ಹೋದ ದಾರಿ ಗಾಜಿನ ಮೇಲೆ ಪಟ್ಟಿ ಎಳೆದ ಹಾಗೆ ಕಾಣುತ್ತಿತ್ತು. ಆರಿಂಚು ದಾಟಿದ ಮೇಲೆ ಆಸಕ್ತಿ ಹೋಯಿತು. ಗೋಲ್ಡ್ ಫಿಶ್‌ಗೆ ಹಾಕಿದ ಕಾಳು ತಳಕ್ಕೆ ಬೀಳುತ್ತದೆ, ಇದು ಅಲ್ಲೇ ಕಾದಿರುತ್ತದೆ. ಕೂತಲ್ಲಿಗೇ ಊಟ ಬರುವಾಗ ಗಾಜು ಯಾರು ಕೆರೀತಾರೆ? ಇನ್ನು ಚುಕ್ಕಿ ಚುಕ್ಕಿಯಾಗಿ ಅಂಟುವ ಗಟ್ಟಿ ಹಸಿರು ಪಾಚಿ, ಟ್ಯಾಂಕಿನಲ್ಲಿರುವ ಅನುಬಿಯಾಸ್ ಗಿಡದ ಎಲೆಯ ಅಂಚಿಗೆ ಕೂದಲಿನ ಹಾಗೆ ಬರುವ ಕಪ್ಪು ಪಾಚಿ, ಇವೆರಡನ್ನು ಮರಿಯಿದ್ದಾಗಲೂ ಮುಟ್ಟಲಿಲ್ಲ. ಗಾಜಿನದನ್ನು ಈಗಲೂ ಹಳೆ ಎಟಿಎಂ ಕಾರ್ಡಿನಲ್ಲಿ ನಾನೇ ಕೆರೆಯುವುದು.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಇದು ಕ್ಲೀನ್ ಮಾಡುವುದಕ್ಕಿಂತ ಗಲೀಜು ಮಾಡುವುದೇ ಜಾಸ್ತಿ. ಹಿಕ್ಕೆ ದಾರದ ಹಾಗೆ ಉದ್ದುದ್ದ ಬರುತ್ತದೆ, ಬೆಳಗ್ಗೆ ಎದ್ದು ನೋಡಿದರೆ ತಳವೆಲ್ಲ ಅದೇ. ಅದು ಕೊಳೆತು ಅಮೋನಿಯಾ ಆಗುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ, ಆ ನೈಟ್ರೇಟ್ ಪಾಚಿಗೆ ಒಳ್ಳೆ ಗೊಬ್ಬರ. ಅಂದರೆ ಪಾಚಿ ತಿನ್ನಲಿ ಅಂತ ತಂದ ಮೀನೇ ಪಾಚಿ ಬೆಳೆಸುತ್ತಿದೆ. ನನ್ನದು ಎರಡಡಿಯ ಟ್ಯಾಂಕ್, 55 ಲೀಟರ್ ಹಿಡಿದರೆ ಹೆಚ್ಚು. ಈ ಮೀನು ಒಂದು ಅಡಿ ದಾಟಿ, ಕೆಲವು ಒಂದೂವರೆ ಅಡಿವರೆಗೂ ಬೆಳೆಯುತ್ತವೆ, ಹತ್ತು ಹದಿನೈದು ವರ್ಷ ಬದುಕುತ್ತವೆ. ಇದನ್ನು ಮಾರುವಾಗ ಯಾರೂ ಹೇಳುವುದಿಲ್ಲ.

ರಾತ್ರಿಯ ಕಥೆ ಬೇರೆ. ಹಗಲೆಲ್ಲ ಫಿಲ್ಟರ್ ಹಿಂದೆ ಅವಿತು ಕೂತಿದ್ದು, ಲೈಟ್ ಆರಿಸಿದ ಮೇಲೆ ಶುರು ಮಾಡುತ್ತದೆ. ಮೇಲಕ್ಕೆ ಹಾರಿ ಗಾಳಿ ನುಂಗಿ ಬರುತ್ತದೆ, ಇವಕ್ಕೆ ಹೊಟ್ಟೆಯಿಂದಲೂ ಉಸಿರಾಡಲು ಆಗುತ್ತದೆ. ಆ ಸದ್ದಿಗೆ ನಾವು ಹೊಂದಿಕೊಂಡೆವು. ಒಂದು ಬೆಳಗ್ಗೆ ಗೋಲ್ಡ್ ಫಿಶ್ ಒಂದರ ಪಕ್ಕೆಯಲ್ಲಿ ದುಂಡಗೆ ಹುರುಪೆ ಹೋದ ಗುರುತು ಕಂಡಿತು, ನಾಲ್ಕೈದು ದಿನದಲ್ಲಿ ಅಲ್ಲಿಗೆ ಬಿಳಿ ಹತ್ತಿಯಂಥ ಫಂಗಸ್ ಬಂತು. ದೊಡ್ಡ ಸಕ್ಕರ್‌ಗಳು ನಿಧಾನದ ಮೀನುಗಳಿಗೆ ಅಂಟಿಕೊಂಡು ಮೈಮೇಲಿನ ಲೋಳೆ ತಿನ್ನುತ್ತವೆ. ಗೋಲ್ಡ್ ಫಿಶ್‌ಗಿಂತ ನಿಧಾನದ್ದು ಯಾವುದಿದೆ ಹೇಳಿ. ಸಾಲದ್ದಕ್ಕೆ ಅದಕ್ಕೆ ತಣ್ಣಗಿನ ನೀರು ಬೇಕು, ಇದಕ್ಕೆ 24ರಿಂದ 28 ಡಿಗ್ರಿ ಬೇಕು. ಒಂದೇ ಕವರಿನಲ್ಲಿ ಕಟ್ಟಿ ಕೊಡುವ ಜೋಡಿಯೇ ಅಲ್ಲ ಇದು.

ಹಾಗಾದರೆ ಇಟ್ಟುಕೊಳ್ಳುವುದಾ, ಬಿಡುವುದಾ?

ಅಂಗಡಿಗೆ ವಾಪಸ್ ಕೊಡಬಹುದಿತ್ತು. ದುಡ್ಡು ಕೊಡಲ್ಲ, ಮೀನು ಇಟ್ಟುಕೊಳ್ಳುತ್ತೇವೆ ಅಂದರು. ಅದರ ಪಕ್ಕದಲ್ಲೇ ಇನ್ಯಾರಿಗೋ ಎರಡಡಿಯ ಟ್ಯಾಂಕ್ ಪ್ಯಾಕ್ ಆಗುತ್ತಿತ್ತು, ಇದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಯಿತು, ಎತ್ತಿಕೊಂಡು ಬಂದೆ. ಅಮ್ಮ "ಕೆರೆಗೆ ಬಿಟ್ಟು ಬಾರೋ, ಪುಣ್ಯ ಬರುತ್ತೆ" ಅಂದರು. ಅದನ್ನು ಮಾತ್ರ ಯಾರೂ ಮಾಡಬೇಡಿ. ಇದು ದಕ್ಷಿಣ ಅಮೆರಿಕದ ಮೀನು. ಮೈಮೇಲೆ ಹುರುಪೆಯ ಬದಲು ಮೂಳೆಯ ಫಲಕ, ರೆಕ್ಕೆಗೆ ಮುಳ್ಳು, ನಮ್ಮ ಕಡೆಯ ಮೀನುಗಳು ಇದನ್ನು ತಿನ್ನುವುದು ಕಷ್ಟ. ಕೆಟ್ಟ ನೀರಿನಲ್ಲೂ ಬದುಕುತ್ತದೆ, ಮೊಟ್ಟೆ ಇಡಲು ದಡದಲ್ಲಿ ಬಿಲ ಕೊರೆಯುತ್ತದೆ, ದಡ ಕುಸಿಯುತ್ತದೆ. ಕೋಲ್ಕತ್ತದ ಪೂರ್ವಕ್ಕಿರುವ ಜೌಗು ಪ್ರದೇಶದ ಮೀನು ಕೊಳಗಳಲ್ಲಿ ಇದು ತುಂಬಿಕೊಂಡಿದೆ. ಆಂಧ್ರದಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಅಲ್ಲಿಗೆಲ್ಲ ಇವು ಹೋಗಿದ್ದು ನಮ್ಮಂಥವರ ಅಕ್ವೇರಿಯಂಗಳಿಂದ, ಅಕ್ವೇರಿಯಂಗೆ ಅಂತ ಸಾಕುವ ಕೊಳಗಳಿಂದ. ಪುಣ್ಯ ಯಾರಿಗೆ ಬರುತ್ತದೋ!

ಕೊನೆಗೆ ಇಟ್ಟುಕೊಂಡೆ. ಸೆಕೆಂಡ್ ಹ್ಯಾಂಡ್ ನಾಲ್ಕಡಿಯ ಟ್ಯಾಂಕ್, ಸುಮಾರು 250 ಲೀಟರಿನದು, ತಂದು ಬೇರೆ ಹಾಕಿದ್ದೇನೆ. "40 ರೂಪಾಯಿ ಮೀನಿಗೆ ಆರು ಸಾವಿರದ ಮನೆನಾ?" ಅಂತ ಮನೆಯಲ್ಲಿ ಕೇಳಿದರು. ಉತ್ತರ ಇರಲಿಲ್ಲ. ಹಿಡಿಯುವಾಗ ಬಲೆ ಹಾಕಬೇಡಿ, ಮುಳ್ಳು ಸಿಕ್ಕಿಕೊಂಡರೆ ಬಲೆ ಕತ್ತರಿಸಬೇಕಾಗುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ನುಗ್ಗಿಸಿ ಎತ್ತಿ. ರಾತ್ರಿ ಒಂದು ತುಂಡು ಸೌತೆಕಾಯಿಯನ್ನು ಫೋರ್ಕಿಗೆ ಚುಚ್ಚಿ ತಳಕ್ಕೆ ಬಿಡುತ್ತೇನೆ, ಬೆಳಗ್ಗೆಗೆ ಸಿಪ್ಪೆಯ ಉಂಗುರ ಮಾತ್ರ ಉಳಿದಿರುತ್ತದೆ. ಒಂದು ಮರದ ಬೇರು ಹಾಕಿದ್ದೇನೆ, ಅದನ್ನೂ ಕೆರೆಯುತ್ತಿರುತ್ತದೆ. ವಾರಕ್ಕೊಮ್ಮೆ ಕಾಲುಭಾಗಕ್ಕಿಂತ ಸ್ವಲ್ಪ ಜಾಸ್ತಿ ನೀರು ಬದಲಿಸಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಕ್ಲೀನರ್ ಅನ್ನೋ ಹಣೆಪಟ್ಟಿ ಕಿತ್ತು ನೋಡಿದರೆ ಚೆಂದದ ಮೀನೇ. ಬೆನ್ನ ಮೇಲಿನ ರೆಕ್ಕೆ ಬಿಚ್ಚಿದರೆ ಹಾಯಿದೋಣಿಯ ಹಾಗೆ ನಿಲ್ಲುತ್ತದೆ. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆಯ ಮೇಲೆ ಒಂದು ಸಣ್ಣ ಪರದೆ ಇಳಿಯುತ್ತದೆ, ದುಂಡಗಿದ್ದ ಪಾಪೆ ಅರ್ಧಚಂದ್ರ ಆಗುತ್ತದೆ, ಆರಿಸಿದರೆ ಮತ್ತೆ ದುಂಡಗೆ. ಮಗಳಿಗೆ ದಿನಾ ಅದನ್ನು ತೋರಿಸಬೇಕು.

ಪಾಚಿಯೇ ನಿಮ್ಮ ತೊಂದರೆಯಾದರೆ ಮೊದಲು ಲೈಟ್ ಅನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸಿ, ಕಾಳು ಕಮ್ಮಿ ಹಾಕಿ. ಆಮೇಲೂ ಸಹಾಯ ಬೇಕು ಅಂದರೆ ನೆರೈಟ್ ಬಸವನಹುಳ ತನ್ನಿ. ಗೋಲ್ಡ್ ಫಿಶ್ ಅದನ್ನೂ ಕೆಣಕುತ್ತದೆ, ಈ ಹುಳ ಗಾಜಿನ ಮೇಲೆ ಬಿಳಿ ಮೊಟ್ಟೆ ಅಂಟಿಸುತ್ತದೆ, ಆದರೆ ಸಿಹಿನೀರಲ್ಲಿ ಮರಿಗಳು ಬದುಕದ ಕಾರಣ ಸಂಖ್ಯೆ ಏರುವುದಿಲ್ಲ. ಸಕ್ಕರ್ ಜಾತಿಯೇ ಬೇಕು ಅಂದರೆ ಬ್ರಿಸಲ್‌ನೋಸ್ ಕೇಳಿ. ಅದು ಐದಿಂಚಿಗೆ ನಿಲ್ಲುತ್ತದೆ, ಪಾಚಿಯನ್ನೂ ತಿನ್ನುತ್ತದೆ. ಬೆಲೆ ಜಾಸ್ತಿ, ಆರು ಸಾವಿರಕ್ಕಿಂತ ಕಮ್ಮಿ.

ಸಾಕುಮೀನಾಗಿ 5ಕ್ಕೆ 3. ಆರಡಿಯ ಟ್ಯಾಂಕ್ ಇರುವ ಯಾರಾದರೂ ಕೇಳಿದರೆ ಫ್ರೀಯಾಗಿ ಕೊಡುತ್ತೇನೆ, ಮರದ ಬೇರಿನ ಸಮೇತ. ಮೊದಲು ಟ್ಯಾಂಕಿನ ಫೋಟೋ ಕಳಿಸಿ.